ಮಂಚದ ಪಾಳಿ

ನಮ್ಮ ಮನೆಯಲ್ಲಿ ಮೂವರಿಗೆ ಒಂದೇ ಮಂಚ. ನಗಬೇಡಿ. ಊರಿನ ನಡುವಿನ ಬಾಡಿಗೆ ತಾಳಲಾರದೆ ಈ ಹೊರವಲಯಕ್ಕೆ ಬಂದೆವು. ನಮ್ಮ ಬೆನ್ನಿಗೇ ರೈಲು ಬಂತು, ರೈಲಿನ ಹಿಂದೆ ದೊಡ್ಡ ದೊಡ್ಡ ಅಂಗಡಿಗಳು ಬಂದವು, ಹಾಳು ಬಾಡಿಗೆ ನಮ್ಮನ್ನು ಇಲ್ಲಿಗೂ ಅಟ್ಟಿಸಿಕೊಂಡು ಬಂತು. ಕಿಟಕಿಯ ಎದುರಿಗೇ ಒಂದು ಹೋರ್ಡಿಂಗ್ ಇದೆ. ಅದರಲ್ಲಿ ಒಬ್ಬ ಹೆಂಗಸು ಬಿಳಿ ಹಾಸಿಗೆಯ ಮೇಲೆ ಕೈಕಾಲು ಚಾಚಿ ಮಲಗಿ ನಗುತ್ತಾಳೆ. ‘ನೆಮ್ಮದಿಯ ಬದುಕಿಗೆ ಇದೇ ವಿಳಾಸ’ ಎಂದು ಕೆಳಗೆ ಬರೆದಿದೆ. ಅವಳ ಹಲ್ಲು ಉದುರಿಸಬೇಕೆಂದು ನನಗೆ ದಿನಕ್ಕೊಮ್ಮೆಯಾದರೂ ಅನ್ನಿಸುತ್ತದೆ.

ಮನೆಯೆಂದರೆ ಒಂದು ಕೋಣೆ, ಒಬ್ಬರು ನಿಂತರೆ ತುಂಬಿಹೋಗುವ ಅಡುಗೆಮನೆ. ಪಕ್ಕದ ಚರಂಡಿಯ ನೀರು ಗೋಡೆಯೊಳಗಿಂದ ಜಿನುಗಿ ನೆಲ ಯಾವಾಗಲೂ ಒದ್ದೆ. ಅಲ್ಲಿ ಮಲಗಿದರೆ ಕೆಮ್ಮು ಗ್ಯಾರಂಟಿ. ನನ್ನ ಗಂಡನಿಗೆ ಮಾಂಸದ ಕಾರ್ಖಾನೆಯಲ್ಲಿ ಮೂಳೆ ಕೊಯ್ಯುವ ಕೆಲಸ; ಅಲ್ಲಿ ಕೆಮ್ಮಿದವರಿಗೆ ನೇರ ಗೇಟಿನ ದಾರಿ. ಇವರ ಅಣ್ಣ, ಅಂದರೆ ನನ್ನ ಭಾವ, ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ ರಾತ್ರಿ ಕಾವಲುಗಾರರು. ನಮ್ಮ ಬಾಡಿಗೆಯಲ್ಲಿ ಅರ್ಧ ಅವರದು, ಹಾಗಾಗಿ ‘ಹೊರಡಿ’ ಎನ್ನುವಂತಿಲ್ಲ. ರಾತ್ರಿ ನಾವಿಬ್ಬರು ಮಲಗುತ್ತಿದ್ದೆವು, ಹಗಲು ಭಾವ. ಹಾಸಿಗೆಯ ಬಿಸಿ ಆರುವ ಮೊದಲೇ ಇನ್ನೊಬ್ಬರು ಬಂದು ಬೀಳುತ್ತಿದ್ದರು. ಹೇಗೋ ನಡೆಯುತ್ತಿತ್ತು.

ಆಗ ಕಾರ್ಖಾನೆಯವರು ಇವರನ್ನೂ ರಾತ್ರಿ ಪಾಳಿಗೆ ಹಾಕಿದರು. ಬೆಳಿಗ್ಗೆ ಅಣ್ಣ ತಮ್ಮ ಇಬ್ಬರೂ ಕೆಂಪು ಕಣ್ಣು ಬಿಟ್ಟುಕೊಂಡು ಒಂದೇ ಮಂಚದ ಮುಂದೆ ನಿಂತರು. ಒಟ್ಟಿಗೆ ಮಲಗಿಯೂ ನೋಡಿದರು. ಇಬ್ಬರದೂ ಕೋಣದಂಥ ಮೈ; ಒಬ್ಬರು ಮಗ್ಗುಲಾದರೆ ಇನ್ನೊಬ್ಬರು ನೆಲಕ್ಕೆ. ಕೊನೆಗೆ ಮಧ್ಯಾಹ್ನದವರೆಗೆ ತಮ್ಮ, ಆಮೇಲೆ ಅಣ್ಣ ಎಂದು ಒಪ್ಪಂದವಾಯಿತು. ಫೋನಿನ ಸದ್ದಿಗೆ ಏಳುವ ಜನ ಇವರಲ್ಲ, ಅದಕ್ಕೆ ತಲೆಯ ಮೇಲಿನ ಹಲಗೆಯಲ್ಲಿ ಬೀದಿಯೇ ಎದ್ದು ಕೂರುವಂತೆ ಹೊಡೆದುಕೊಳ್ಳುವ ಒಂದು ಹಳೆಯ ಅಲಾರಂ ಗಡಿಯಾರ ಇಟ್ಟೆವು.

ಕೆಲವು ದಿನಗಳಲ್ಲೇ ಇವರ ಮುಖ ಕಳೆಗುಂದಿತು. ಉಣ್ಣುತ್ತಲೇ ತೂಕಡಿಸುತ್ತಿದ್ದರು.

“ಕಣ್ಣು ಮುಚ್ಚೋದರೊಳಗೆ ಗಂಟೆ ಹೊಡೆಯುತ್ತೆ ಕಣೇ.”

“ಗರಗಸದ ಮುಂದೆ ಮಾತ್ರ ತೂಕಡಿಸಬೇಡಿ ರೀ, ನಿಮ್ಮ ಕಾಲಿಗೆ ಬೀಳ್ತೀನಿ.”

ಕಾರ್ಖಾನೆಯ ಗರಗಸ ಕರೆಂಟಿನಲ್ಲಿ ಓಡುತ್ತದೆ. ಮೂಳೆ ಯಾರದೆಂದು ಅದು ಕೇಳುವುದಿಲ್ಲ.

ಒಂದು ದಿನ ಪಾತ್ರೆ ತೊಳೆದು ಒಳಗೆ ಬಂದೆ. ಇವರು ಗೊರಕೆ ಹೊಡೆಯುತ್ತಿದ್ದರು. ಭಾವ ತುದಿಗಾಲಲ್ಲಿ ನಿಂತು ಗಡಿಯಾರದ ಬೆನ್ನಿನ ತಿರುಪು ತಿರುಗಿಸುತ್ತಿದ್ದರು.

“ಏನ್ಮಾಡ್ತಿದ್ದೀರಾ ಭಾವ?”

“ಶ್! ಕೀ ಕೊಡ್ತಿದ್ದೆ ಕಣಮ್ಮ.”

“ಕೀ ಕೊಟ್ಟರೆ ಮುಳ್ಳು ಓಡುತ್ತಾ? ದಿನಾ ಹೀಗೆ ಮುಂದಕ್ಕೆ ತಿರುಗಿಸಿ ತಮ್ಮನನ್ನ ಬೇಗ ಎಬ್ಬಿಸ್ತಿದ್ದೀರಾ?”

ನನ್ನ ಕೂಗಿಗೆ ಇವರು ಎದ್ದರು. ಅಣ್ಣನ ಕೈಯಲ್ಲಿ ಗಡಿಯಾರ ಕಂಡಿತು. ಮಾತಿಲ್ಲ, ಕತೆಯಿಲ್ಲ, ಅದನ್ನು ಕಿತ್ತುಕೊಂಡು ಅಣ್ಣನ ಮುಖಕ್ಕೇ ಬೀಸಿದರು. ಗಾಜು ಒಡೆದು ಹುಬ್ಬು ಸೀಳಿತು. ಭಾವ ತಮ್ಮನ ಕತ್ತು ಹಿಡಿದು ಗೋಡೆಗೆ ಚಚ್ಚಿದರು. ಗಾರೆ ಉದುರಿತು. ಇವರು ಮೊಣಕಾಲಿನಿಂದ ಅಣ್ಣನ ಹೊಟ್ಟೆಗೆ ಗುದ್ದಿದರು, ಇಬ್ಬರೂ ಒದ್ದೆ ನೆಲದ ಮೇಲೆ ಹೊರಳಿದರು.

“ನನ್ನ ನಿದ್ದೆ ಕದೀತೀಯಾ? ಗರಗಸದ ಮುಂದೆ ನಿಲ್ಲೋನು ನಾನು!”

“ನಾನೇನು ಅಪಾರ್ಟ್‌ಮೆಂಟಲ್ಲಿ ಉಯ್ಯಾಲೆ ಆಡ್ತೀನಾ? ಅಲ್ಲಿಯವರ ನಾಯಿ ಏಸಿ ಹಾಕಿಸ್ಕೊಂಡು ಮಲಗುತ್ತೆ ಕಣೋ! ನನಗೆ ಕಣ್ಣು ಮುಚ್ಚೋಕೂ ಜಾಗ ಇಲ್ಲ!”

ನಾನು ಬಕೆಟ್ಟಿನ ನೀರೆಲ್ಲ ಅವರ ಮೇಲೆ ಸುರಿದೆ. ಬಿಡಲಿಲ್ಲ. ಪಕ್ಕದ ಮನೆಯ ಟೈಲರಮ್ಮ ಓಡಿಬಂದಳು, ನಮಗೆ ಎರವಲು ಕೊಟ್ಟಿದ್ದ ತನ್ನ ಸ್ಟೂಲನ್ನು ಎತ್ತಿಕೊಂಡು ಓಡಿಹೋದಳು. ಭಾವ ಹಲ್ಲೊಂದನ್ನು ಉಗಿದ ಮೇಲೆ ಇಬ್ಬರೂ ಏದುಸಿರು ಬಿಡುತ್ತಾ ಕೂತರು. ಹಾಸಿಗೆಯೆಲ್ಲ ರಕ್ತ, ನೀರು, ಗಾಜು. ಅವತ್ತು ಯಾರೂ ಮಲಗಲಿಲ್ಲ. ಥೂ, ಮಂಚಕ್ಕಾಗಿ ಕಚ್ಚಾಡುವ ಇವೂ ಮನುಷ್ಯರಾ ಎಂದು ನನಗೆ ಇಬ್ಬರ ಮೇಲೂ ಹೇಸಿಗೆಯಾಯಿತು.

ಸಂಜೆ ಇವರು ಊದಿದ ಮುಖದಲ್ಲೇ ಅಂಗಿ ಹಾಕಿಕೊಂಡರು.

“ಇವತ್ತು ಬೇಡ ರೀ.”

“ಹೋಗದಿದ್ರೆ ನಾಳೆ ಗೇಟೇ ತೆಗೆಯಲ್ಲ.”

ಬೆಳಿಗ್ಗೆ ಇವರ ಬದಲು ಕಾರ್ಖಾನೆಯ ಸೂಪರ್‌ವೈಸರ್ ಬಂದ. ಗರಗಸಕ್ಕೆ ಸಿಕ್ಕಿ ಇವರ ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತಂತೆ. ನಾನು ಎದೆ ಬಡಿದುಕೊಂಡು ಅಳುವಾಗ ಅವನು ಬಾಗಿಲಲ್ಲೇ ನಿಂತು, “ನಿದ್ದೆಗಣ್ಣಲ್ಲಿ ಬಂದಿದ್ದಾನೆ, ಕಂಪನಿ ಏನೂ ಕೊಡಲ್ಲ. ಮನೇಲಿ ಬೇರೆ ಯಾರಾದ್ರೂ ಗಟ್ಟಿ ಇದ್ರೆ ಕಳಿಸಿ, ಜಾಗ ಖಾಲಿ ಇದೆ” ಅಂದ. ಅವನ ಕುತ್ತಿಗೆ ಹಿಸುಕಬೇಕಿತ್ತು. ಬಾಡಿಗೆಯ ನೆನಪಾಗಿ, “ನಾನೇ ಬರ್ತೀನಿ” ಅಂದೆ.

ಇವರು ಆಸ್ಪತ್ರೆಯಿಂದ ಬಂದ ದಿನವೇ ನಾನು ರಾತ್ರಿ ಪಾಳಿಗೆ ಹೋದೆ. ಹೆಂಗಸೆಂದು ಗರಗಸ ಕೊಡಲಿಲ್ಲ, ಕೊಯ್ದದ್ದನ್ನು ಕೊಕ್ಕೆಗೆ ಎತ್ತಿ ಹಾಕುವ ಕೆಲಸ ಕೊಟ್ಟರು. ತಣ್ಣನೆಯ ಕೋಣೆಯಲ್ಲಿ ಹೆಣಭಾರ ಎತ್ತಿ ಎತ್ತಿ ಭುಜ ಬಿದ್ದುಹೋಯಿತು. ನಿಂತಲ್ಲೇ ಕಣ್ಣು ಮುಚ್ಚಿ, ಬೆಚ್ಚಿ ಎಚ್ಚರಗೊಂಡೆ.

ಬೆಳಿಗ್ಗೆ ರಬ್ಬರ್ ಬೂಟಿನಲ್ಲೇ ಮನೆಗೆ ಬಂದೆ. ಇವರು ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿದ್ದರು. ಮಂಚದ ಮೇಲೆ ಭಾವ, ಕಾಲು ಚಾಚಿ.

“ಏಳಿ ಭಾವ.”

“ಹಗಲು ನನ್ನ ಪಾಳಿ ಕಣಮ್ಮ. ಮಧ್ಯಾಹ್ನ ಬಾ.”

“ಏಳಿ.”

ಅವರು ಮಗ್ಗುಲು ಬದಲಿಸಿದರು.

“ಏಳೋ!”

ಮಂಚದ ಕಬ್ಬಿಣದ ಚೌಕಟ್ಟಿಗೆ ಎರಡೂ ಕೈ ಹಾಕಿ ರಾತ್ರಿಯಿಡೀ ಎತ್ತಿದಂತೆಯೇ ಎತ್ತಿದೆ. ಭಾವ ಉರುಳಿ ಬಿದ್ದರು, ಹಣೆ ಗೋಡೆಗೆ ಬಡಿಯಿತು. ಏಳಲು ನೋಡಿದಾಗ ಬೂಟುಗಾಲಿನಿಂದ ಪಕ್ಕೆಗೆ ಒದ್ದೆ. ಮತ್ತೊಮ್ಮೆ ಒದ್ದೆ. ಏನೋ ಲಟಕ್ಕೆಂದಿತು. ಅವರು ಮಗುವಿನ ಹಾಗೆ ಅತ್ತರು. ಇವರು ಎದ್ದು ಬಂದು, “ಸಾಕು ಬಿಡೇ, ಸತ್ತುಹೋಗ್ತಾನೆ” ಎಂದು ಉಳಿದಿದ್ದ ಕೈಯಿಂದ ನನ್ನ ತೋಳು ಹಿಡಿದರು. ಇವರನ್ನೂ ತಳ್ಳಿದೆ.

ಮಂಚವನ್ನು ಎಳೆದು ನೆಟ್ಟಗೆ ಮಾಡಿಕೊಂಡು, ಬೂಟು ಕೂಡ ಬಿಚ್ಚದೆ ಬಿದ್ದುಕೊಂಡೆ. ಕೆಳಗೆ ಭಾವ ನರಳುತ್ತಿದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಎಂದು ಇವರು ಹೇಳುತ್ತಿದ್ದುದು ಕೇಳಿಸಿತು. ಹಾಸಿಗೆ ಬೆಚ್ಚಗಿತ್ತು. ನನಗೆ ಕೂಡಲೇ ನಿದ್ದೆ ಹತ್ತಿತು.