ವೇರಾಳ ಕೊನೆಯ ಸಾಲು

ಇನ್ನು ಮುಂದೆ ನಿನಗೆ ಸುಳ್ಳು ಹೇಳುವುದಿಲ್ಲ ಎಂದು ಶೈಲಾ ಮಗಳಿಗೆ ಮಾತು ಕೊಟ್ಟಾಗ ಪ್ರಣೀತಾ ಒಂದನೇ ಇಯತ್ತೆಯಲ್ಲಿದ್ದಳು. ಆ ವರ್ಷ ಗದಗಿನಲ್ಲಿ ಅವಳ ಅಜ್ಜ ಫಕೀರಪ್ಪ ತೀರಿಕೊಂಡಿದ್ದರು. ಕೂಸು ಹೆದರೀತು ಎಂದು ಮನೆಯವರೆಲ್ಲ ಒಂದಾಗಿ "ಅಜ್ಜ ಯಾತ್ರಾಕ್ಕ ಹೋಗ್ಯಾನ" ಎಂದಿದ್ದರು. ಪ್ರಣೀತಾ ಅಜ್ಜನಿಗೆಂದು ದೀಪಾವಳಿಯ ಚಕ್ಕುಲಿಯನ್ನು ಡಬ್ಬಿಯಲ್ಲಿ ಎತ್ತಿಟ್ಟಳು. ಅದು ಮೆತ್ತಗಾದ ಮೇಲೂ ಯಾರಿಗೂ ಮುಟ್ಟಗೊಡಲಿಲ್ಲ. ಕೊನೆಗೆ ನಿಜ ಹೇಳಿದವನು ಕೆಳಗಿನ ಮನೆಯ ಅಕ್ಷಯ. ಅವನಿಗೂ ಆಗ ಅಷ್ಟೇ ವಯಸ್ಸು. ಅವತ್ತು ಅವಳು ಅಳಲಿಲ್ಲ, ಊಟ ಬಿಟ್ಟಳು. ಅಡಿಗೆಮನೆಯ ನೆಲದ ಮೇಲೆ ಅವಳೆದುರು ಕುಳಿತು ಶೈಲಾ ಹೇಳಿದ್ದಳು: "ಇನ್ನ ಮ್ಯಾಲೆ ನೀ ಏನ ಕೇಳಿದ್ರೂ ಖರೇನ ಹೇಳ್ತೀನಿ. ಚಲೋದಿರ್ಲಿ, ಕೆಟ್ಟದಿರ್ಲಿ."

ಈಗ ಪ್ರಣೀತಾ ಏಳನೆಯ ಇಯತ್ತೆ. ಮರಾಠಿ ನಾಡಿನ ನಿಗಡಿಯಲ್ಲಿ ಆಗ ಇದ್ದ ಅದೇ ಮನೆ. ತಂದೆ ಮಾಂತು ಚಾಕಣದ ಕಾರ್ಖಾನೆಯಲ್ಲಿ ಪಾಳಿ ಮೇಲೆ ಪಾಳಿ ಮಾಡುತ್ತಾನೆ. ಶೈಲಾ ಆಕುರ್ಡಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವವರ ಆಫೀಸಿನಲ್ಲಿ ಬಿಲ್ಲು ನೋಡಿಕೊಳ್ಳುತ್ತಾಳೆ. ರವಿವಾರ ಕೋಥರೂಡದ ಒಂದು ಸಣ್ಣ ಸ್ಟುಡಿಯೋಗೆ ಹೋಗಿ ಹೊರದೇಶದ ಧಾರಾವಾಹಿಗಳಿಗೆ ಕನ್ನಡದಲ್ಲಿ ದನಿ ಕೊಡುತ್ತಾಳೆ. ಇಷ್ಟು ದಿನ ಅವಳ ಪಾಲಿಗೆ ಬರುತ್ತಿದ್ದುದು ನರ್ಸು, ತರಕಾರಿಯವಳು, ಬೆಂಕಿ ಕಂಡು ಕಿರುಚುವ ಹೆಂಗಸು, ಇಂಥವೇ. ಈ ಸಲ ವೇರಾ ಬಂದಿದ್ದಳು.

ಧಾರಾವಾಹಿಯ ಹೆಸರು 'ಎರಡನೇ ಪಾಳಿ'. ಮುಂದೆಂದೋ ಬರಲಿರುವ ಒಂದು ಊರು. ಅಲ್ಲಿ ಪ್ರತಿ ಪೊಲೀಸನಿಗೂ ಜೊತೆಗೆ ಒಂದು ಆಂಡ್ರಾಯ್ಡ್, ನೋಡಲು ಥೇಟು ಮನುಷ್ಯರಂತೆ ಇರುವ ಯಂತ್ರ. ಹಾಲ್ ಎಂಬ ಇನ್‌ಸ್ಪೆಕ್ಟರನ ಜೊತೆಗಾತಿ ವೇರಾ. ಟ್ರೇಲರ್ ಬಂದಾಗಿನಿಂದ ಅವರ ವಸತಿ ಸೊಸೈಟಿಯ ಹುಡುಗರಿಗೆ ಬೇರೆ ಮಾತೇ ಇರಲಿಲ್ಲ. ಅದರ ಕೊನೆಯಲ್ಲಿ ಒಂದು ಕ್ಷಣ ವೇರಾಳ ಕಣ್ಣಿನ ಬೆಳಕು ಆರುತ್ತದೆ. ಅದು ನಿಜವಾಗಿ ಆರಿದ್ದೋ, ಸುಮ್ಮನೆ ರೆಪ್ಪೆ ಮುಚ್ಚಿದ್ದೋ ಎಂಬುದರ ಮೇಲೆ ಎರಡು ಪಂಗಡಗಳಾಗಿದ್ದವು. ಮುಚ್ಚಿದ್ದಷ್ಟೇ ಎನ್ನುವ ಪಂಗಡಕ್ಕೆ ಪ್ರಣೀತಾ ಮುಂದಾಳು.

"ಆಂಡ್ರಾಯ್ಡ್ ಅಂದ್ರ ಫೋನಲ್ಲೇನ?" ಎಂದಳು ಶೈಲಾಳ ಅತ್ತೆ ಪಾರವ್ವ.

"ಅಲ್ಲಜ್ಜಿ, ಇದು ನಡೀತದ, ಕಳ್ಳರನ್ನ ಹಿಡೀತದ."

"ಚಾರ್ಜರಿಗೆ ಹಚ್ಚತಾರೇನ ಮತ್ತ?"

"ಹಚ್ಚತಾರ."

"ಹಂಗಾರ ಫೋನೇ."

ಮೊದಲ ಕಂತು ಶುಕ್ರವಾರ ಬರುವುದಿತ್ತು, ಆಮೇಲೆ ವಾರಕ್ಕೊಂದು. ಎಲ್ಲರೂ ಪ್ರಣೀತಾಳ ಮನೆಯಲ್ಲೇ ಕೂಡಿ, ಕನ್ನಡದಲ್ಲೇ ನೋಡುವುದೆಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು. ಅರ್ಧ ಹುಡುಗರಿಗೆ ಕನ್ನಡ ಬರುತ್ತಿರಲಿಲ್ಲ. ಅವರಿಗೆ ತಾನು ಮರಾಠಿಯಲ್ಲಿ ಹೇಳುತ್ತಾ ಹೋಗುತ್ತೇನೆ ಎಂದಳು. ವೇರಾ ತನ್ನ ತಾಯಿ ಎಂಬ ಠೇಂಕಾರ ಅವಳ ನಡಿಗೆಯಲ್ಲೂ ಇತ್ತು. ಅಕ್ಷಯ ಮಾತ್ರ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಶೈಲಾಳ ಬೆನ್ನು ಬೀಳುತ್ತಿದ್ದ. "ಕಾಕೂ, ಸಾಂಗಾ ನಾ! ವೇರಾ ಮರತೇ ಕಾ?" ವೇರಾ ಸಾಯುತ್ತಾಳಾ ಎಂದು. ಕಥೆ ಹೊರಗೆ ಬಿಡುವುದಿಲ್ಲವೆಂದು ಸ್ಟುಡಿಯೋದಲ್ಲಿ ಶೈಲಾ ಸಹಿ ಮಾಡಿದ್ದಳು. ನಕ್ಕು ಮೇಲೆ ಹತ್ತುತ್ತಿದ್ದಳು.

ಪ್ರಣೀತಾ ಮಾತ್ರ ಕೇಳುತ್ತಿರಲಿಲ್ಲ. ಕೇಳಿದರೆ ತಾಯಿ ನಿಜ ಹೇಳುತ್ತಾಳೆಂದು ಅವಳಿಗೆ ಗೊತ್ತಿತ್ತು.

ಆ ರವಿವಾರ ಕೊನೆಯ ಕಂತಿನ ಡಬ್ಬಿಂಗ್. ಅದರಲ್ಲಿ ವೇರಾ ಊರಿನ ವಿದ್ಯುತ್ತು ಕಡಿಯಲು ಒಂದು ಕೋಣೆಯೊಳಗೆ ಹೋಗುತ್ತಾಳೆ. ಒಮ್ಮೆ ಮುಚ್ಚಿದ ಬಾಗಿಲು ಮತ್ತೆ ತೆರೆಯುವುದಿಲ್ಲ, ವಿದ್ಯುತ್ತಿನ ಜೊತೆ ಅವಳೂ ಆರುತ್ತಾಳೆ. ಗಾಜಿನಾಚೆ ನಿಂತ ಹಾಲ್‌ಗೆ ಒಂದೇ ಸಾಲು ಹೇಳಬೇಕು. ಶೈಲಾ ಹೆಡ್‌ಫೋನ್ ಹಾಕಿಕೊಂಡು, ಪರದೆಯ ಮೇಲಿನ ತುಟಿ ನೋಡುತ್ತಾ ಹೇಳಿದಳು: "ನಾನು ಹೋಗಿ ಬರುತ್ತೇನೆ, ಹಾಲ್."

ಡಬ್ಬಿಂಗ್ ಮಾಡಿಸುವ ಮಿಥುನ ಮೈಸೂರಿನ ಹುಡುಗ. ಗಾಜಿನ ಆ ಕಡೆಯಿಂದ ಕೈ ಎತ್ತಿದ. "ಶೈಲಾ ಅವ್ರೇ, 'ಹೋಗುತ್ತೇನೆ' ಅಷ್ಟೇ ಇರೋದು. ಇನ್ನೊಂದ್ಸಲ."

ಇನ್ನೊಂದು ಸಲವೂ ಅದೇ ಬಂತು.

"ಮೇಡಂ, ಅವಳು ವಾಪಸ್ ಬರಲ್ಲ."

"ಗೊತ್ತದ ಸರ. ನಾಲಿಗಿ ಹೊಳ್ಳಂಗಿಲ್ಲ. ನಮ್ಮಲ್ಲಿ ಬಾಗಲದಾಗ ನಿಂತು ಹಂಗ ಯಾರೂ ಅನ್ನಂಗಿಲ್ಲ."

"ನಮ್ಮ ಕಡೇನೂ ಅನ್ನಲ್ಲ. ಆದ್ರೆ ಅವಳು ಮಷೀನು ಅಲ್ವಾ? ಅವಳಿಗೆ ಯಾವ ಶಾಸ್ತ್ರ? ಫೀಲಿಂಗೇ ಬೇಡ, ಪ್ಲೇನ್ ಆಗಿ ಹೇಳಿ. ಆಡಿಯನ್ಸ್‌ಗೆ ಅಲ್ಲೇ ಗೊತ್ತಾಗ್ಬೇಕು, ಮುಗೀತು ಅಂತ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಶೈಲಾ ನೀರು ಕುಡಿದು, ಬರಿಯ ಆ ಒಂದು ಶಬ್ದವನ್ನೇ ಹಿಂದೆ ಮುಂದೆ ಮಾಡಿ ಹೇಳಿಕೊಂಡಳು. ಹೋಗುತ್ತೇನೆ, ಹೋಗುತ್ತೇನೆ. ಗಂಟಲು ಒಣಗುವ ಹೊತ್ತಿಗೆ ಮಿಥುನ ಹೆಬ್ಬೆರಳು ತೋರಿಸಿದ.

ಸೋಮವಾರ ಬೆಳಿಗ್ಗೆ ಎಂದಿನ ಗಡಿಬಿಡಿ. ಶೈಲಾ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಗಾಡಿಯ ಕೀಲಿ ಹಿಡಿದು ಚಪ್ಪಲಿಗೆ ಕಾಲು ತೂರಿಸಿದಳು.

"ಅತ್ತೀ, ನಾ ಹೋಗ್ತೀನ್ರಿ."

ಪಾರವ್ವ ಮೆಂತ್ಯ ಸೋಸುತ್ತಿದ್ದವಳು ತಾಟು ಪಕ್ಕಕ್ಕೆ ಸರಿಸಿದಳು. "ಏನಂದಿ?"

"ಆಫೀಸಿಗ್ರಿ."

"ಹೋಗ್ತೀನಿ ಅಂತಾರೇನ ಶೈಲಾ, ಮುಂಜಮುಂಜಾನೆ? ಬಾಯಿಗೆ ಏನ ಬಡದದ ನಿಂಗ? ಒಳಗ ಬಾ. ಕೂಡು. ನೀರ ಕುಡಿ."

"ತಡಾ ಆಗ್ತದ್ರಿ ಅತ್ತಿ."

"ಆಗ್ಲಿ. ಕೂಡು ಅಂದ್ನೆಲ್ಲ."

ಶೈಲಾ ಕುಳಿತಳು, ನೀರು ಕುಡಿದಳು, "ಬರ್ತೀನ್ರಿ" ಎಂದು ಎದ್ದಳು. ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತಿದ್ದ ಪ್ರಣೀತಾ ಕಟ್ಟುವುದನ್ನು ನಿಲ್ಲಿಸಿ ತಾಯಿಯ ಮುಖ ನೋಡುತ್ತಿದ್ದಳು. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಕೇಳಿದಳು.

"ಮಮ್ಮಿ, ಅದು ವೇರಾನ ಡೈಲಾಗ್ ಏನು?"

"ಯಾವುದು?"

"ನಿನ್ನೆ ಅದನ್ನ ಭಾಳ ಸಲ ಅಂದೀಯಲ್ಲ? ಅದಕ್ಕ ಬಾಯಿಗೆ ಬಂತು. ನೀ ಎಂದೂ ಹಂಗ ಅನ್ನಂಗಿಲ್ಲ."

ಲಿಫ್ಟು ಕೆಳಗೆ ನಿಂತಿತು. "ಬಸ್ ಬಂತ ನೋಡು, ಓಡು," ಎಂದಳು ಶೈಲಾ. ಬಸ್ಸು ಬಂದೇ ಇತ್ತು. ಪ್ರಣೀತಾ ಓಡಲಿಲ್ಲ, ನಡೆದುಕೊಂಡು ಹೋಗಿ ಹತ್ತಿದಳು.

ಆಫೀಸಿನಲ್ಲಿ ಶೈಲಾ ಎರಡು ಉತ್ತರ ತಯಾರು ಮಾಡಿಕೊಂಡಳು. ಒಂದು, ಸಹಿ ಮಾಡೀನಿ, ಕೇಳಬ್ಯಾಡ ಎನ್ನುವುದು. ಹಾಗೆಂದರೆ ಮಗಳಿಗೆ ಸಾಯುತ್ತಾಳೆಂದೇ ಅರ್ಥವಾಗುತ್ತದೆ. ಬದುಕುವವಳ ಸುದ್ದಿಯನ್ನು ಇಷ್ಟು ಕಷ್ಟಪಟ್ಟು ಯಾರೂ ಮುಚ್ಚಿಡುವುದಿಲ್ಲ. ಇನ್ನೊಂದು, ಏನೂ ಆಗಂಗಿಲ್ಲ, ಆರಾಮಾಗಿ ನೋಡು ಎನ್ನುವುದು. ಅದು ಸಲೀಸು. ಎರಡು ತಿಂಗಳ ಕಾತರ ಹಾಗೇ ಉಳಿಯುತ್ತದೆ, ಶುಕ್ರವಾರ ಮನೆ ತುಂಬ ಹುಡುಗರು ಗದ್ದಲ ಹಾಕುತ್ತಾರೆ. ಕೊನೆಯ ಕಂತಿನ ದಿನ ಮಗಳು ತಿರುಗಿ ನೋಡುತ್ತಾಳೆ, ಅಜ್ಜನ ನಿಜ ತಿಳಿದ ದಿನ ಚಕ್ಕುಲಿ ಡಬ್ಬಿ ಹಿಡಿದುಕೊಂಡು ನೋಡಿದ ಹಾಗೆ. ಒಂದು ಬಿಲ್ಲಿನಲ್ಲಿ ಗಿರಾಕಿಯ ಹೆಸರು ತಪ್ಪಾಯಿತು, ತಿದ್ದಿದಳು.

ಸಂಜೆ ಪ್ರಣೀತಾ ಗಾಡಿ ನಿಲ್ಲಿಸುವ ಜಾಗದಲ್ಲೇ ಕಾಯುತ್ತಿದ್ದಳು. ಸಮವಸ್ತ್ರ ಬದಲಿಸಿರಲಿಲ್ಲ.

"ಈಗ ಕೇಳಾಕತ್ತೀನಿ. ವೇರಾ ಸಾಯ್ತಾಳೇನು?"

ಶೈಲಾ ಗಾಡಿ ಸ್ಟ್ಯಾಂಡಿಗೆ ಹಾಕಿ, ಹೆಲ್ಮೆಟ್ ತೆಗೆದಳು. "ನಿಂಗ ಖರೇನ ತಿಳೀಬೇಕೇನ?"

"ಹೂಂ."

"ಹೌದು. ಕಡೀ ಎಪಿಸೋಡಿನಾಗ. ಹೊಳ್ಳಿ ಬರಂಗಿಲ್ಲ. ಇದನ್ನ ಯಾರ ಮುಂದೂ ಆಡಬ್ಯಾಡ, ಅಕ್ಷಯನ ಮುಂದೂ. ಆಡಿದ್ರ ನಂಗ ಇನ್ನ ಕೆಲಸಾ ಕೊಡಂಗಿಲ್ಲ."

ಪ್ರಣೀತಾ ಗಾಡಿಯ ಕನ್ನಡಿಯನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ತಿರುಗಿಸಿದಳು.

"ಯಾಕ ಹೇಳಿದಿ?"

"ನೀ ಕೇಳಿದಿ."

"ಕೇಳಿದ್ರೇನಾತು? ಇಲ್ಲಾ ಅನ್ನಬೇಕಾಗಿತ್ತು. ಎಲ್ಲಾರೂ ನೋಡೋ ಮುಂದ ನಂಗೂ ಗೊತ್ತಾಗ್ತಿತ್ತು. ಈಗ ನಾ ಹೆಂಗ ನೋಡ್ಲಿ?"

"ಹಂಗಾರ ನೀನ ಹೇಳು, ಸುಳ್ಳ ಹೇಳಲೇನ ನಾ?"

"ನಂಗೊತ್ತಿಲ್ಲ!" ಎಂದು ಅವಳು ಮೆಟ್ಟಿಲ ಕಡೆ ಹೋದಳು. ಶೈಲಾ ಲಿಫ್ಟಿನಲ್ಲಿ ಒಬ್ಬಳೇ ಮೇಲೆ ಹೋದಳು. ಊಟಕ್ಕೆ ಪ್ರಣೀತಾ ಬಂದಳು, ಊಟ ಮಾಡಿದಳು. ಗುರುವಾರದವರೆಗೂ ತಾಯಿ ಕೇಳಿದ್ದಕ್ಕಷ್ಟೇ ಉತ್ತರ. ಮಾಂತು "ಏನಾಗೇದ ಇಕಿಗೆ?" ಎಂದ. ಪರೀಕ್ಷೆ ಇರಬೇಕು ಎಂದು ತಾನೇ ಹೇಳಿಕೊಂಡು ಮಲಗಿದ.

ಶುಕ್ರವಾರ ಹುಡುಗರು ಬಂದರು. ಚಪ್ಪಲಿಗಳು ಬಾಗಿಲಿನಿಂದ ಲಿಫ್ಟಿನವರೆಗೆ. ಶೈಲಾ ಚುರುಮುರಿ ಕಲಸಿ ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ವೇರಾ ತೆರೆಯ ಮೇಲೆ ಬಂದು ಮೊದಲ ಮಾತಾಡಿದಾಗ ಹುಡುಗರೆಲ್ಲ ಹೋ ಎಂದರು. ಅಕ್ಷಯ ಶೈಲಾಳತ್ತ ತಿರುಗಿ ಸಲಾಮು ಹೊಡೆದ.

"ನಮ್ಮ ಶೈಲಾನ ದನಿ!" ಎಂದಳು ಪಾರವ್ವ. "ಹಿಂಗ್ಯಾಕ ಮಾತಾಡ್ತಾಳಾಕಿ, ಪುಸ್ತಕ ಓದಿದಂಗ?"

"ಮಷೀನಜ್ಜಿ ಅಕಿ."

ಪ್ರಣೀತಾ ಎಲ್ಲರಿಗೂ ಮರಾಠಿಯಲ್ಲಿ ಹೇಳುತ್ತಾ ಹೋದಳು, ಮೊದಲು ಸಣ್ಣ ದನಿಯಲ್ಲಿ, ಆಮೇಲೆ ಸರಿಯಾಗಿಯೇ. ಹಾಲ್‌ನ ಮೇಲೆ ಬೀಳುತ್ತಿದ್ದ ಗುಂಡನ್ನು ವೇರಾ ತನ್ನ ಭುಜದ ಮೇಲೆ ತೆಗೆದುಕೊಂಡಾಗ ಪಾರವ್ವ ಸೋಫಾದ ಅಂಚಿಗೆ ಬಂದಿದ್ದಳು. ಕಂತು ಮುಗಿದ ಮೇಲೂ ಅಲ್ಲೇ ಕುಳಿತು ಮೊಮ್ಮಗಳನ್ನು ಕೇಳಿದಳು.

"ಭಾಳ ಚಲೋ ಹುಡುಗಿ. ಇಕಿಗೆ ಕಡೀಕ ಏನರ ಆಗ್ತದೇನ? ಆಗೂದಿದ್ರ ಈಗ ಹೇಳಿಬಿಡು, ನಾ ಮುಂದ ನೋಡಂಗಿಲ್ಲ."

ಹುಡುಗರೆಲ್ಲ ಪ್ರಣೀತಾಳ ಕಡೆ ನೋಡಿದರು. ಅವಳು ತಾಯಿಯ ಕಡೆ ನೋಡಲಿಲ್ಲ.

"ಏನೂ ಆಗಂಗಿಲ್ಲಜ್ಜಿ," ಎಂದಳು. "ನೀ ನೋಡು."

ಶೈಲಾ ಖಾಲಿ ತಾಟುಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಒಳಗೆ ಒಯ್ದಳು. ಅವಳು ಮಾತು ಕೊಟ್ಟಿದ್ದು ಮಗಳಿಗೆ, ಅತ್ತೆಗಲ್ಲ; ಅದನ್ನು ಉಳಿಸಿಕೊಂಡಿದ್ದಳು.