ಮಲಾಯಕ್ಕೆ ಹೋದವರು

ನವಲಿಯ ಬಸ್ ನಿಲ್ದಾಣದ ಎದುರಿಗಿದ್ದ ಚಹಾದಂಗಡಿಗೆ ಪತ್ರಿಕೆ ಒಂದು ದಿನ ತಡವಾಗಿ ಬರುತ್ತಿತ್ತು. ಅದನ್ನು ಶಾಲೆಯ ಉಮಾಪತಿ ಮಾಸ್ತರರು ಗಟ್ಟಿಯಾಗಿ ಓದುವುದು, ಉಳಿದವರು ಚಹಾ ಕುಡಿಯುತ್ತ ಕೇಳುವುದು ರೂಢಿ. ೧೯೭೪ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವರು ಓದಿದ ಸುದ್ದಿ ಕೇಳಿ ಎಲ್ಲರೂ ಲೋಟ ಕೆಳಗಿಟ್ಟರು. ಫಿಲಿಪೈನ್ಸಿನ ದ್ವೀಪವೊಂದರ ಕಾಡಿನಿಂದ ಜಪಾನಿನ ಸೈನಿಕನೊಬ್ಬ ಹೊರಗೆ ಬಂದಿದ್ದ. ಎರಡನೇ ಮಹಾಯುದ್ಧ ಮುಗಿದು ಇಪ್ಪತ್ತೊಂಬತ್ತು ವರ್ಷವಾಗುತ್ತ ಬಂದಿದ್ದರೂ, ಅದು ಮುಗಿದಿದೆಯೆಂದು ನಂಬದೆ ಬಂದೂಕು ಹಿಡಿದು ಅಡಗಿದ್ದನಂತೆ.

"ನಿಷ್ಠಿ ಅಂದ್ರ ಇದು ನೋಡ್ರಿ," ಎಂದರು ಮಾಸ್ತರರು. "ಏನಂತೀರಿ ಕನಕಪ್ಪ? ನೀವೂ ಅದ ಯುದ್ಧದಾಗ ಇದ್ದವರು."

ಮೂಲೆಯ ಬೆಂಚಿನಲ್ಲಿ ಕುಳಿತಿದ್ದ ಕನಕಪ್ಪ ತಲೆ ಎತ್ತಿದ. ಕಾಲುವೆಯ ತೂಬು ಏರಿಸಿ ಇಳಿಸುವ ಲಸ್ಕರ್ ಕೆಲಸ ಅವನದು. ಯುದ್ಧಕ್ಕೆಂದು ಮಲಾಯಕ್ಕೆ ಹೋಗಿ ತಿರುಗಿ ಬಂದವನು ಊರಿನಲ್ಲಿ ಅವನೊಬ್ಬನೇ.

"ಫಿಲಿಪೈನ್ಸ್ ಅಂವನ ದೇಶ ಏನ್ರಿ ಮಾಸ್ತರ?"

"ಅಲ್ಲ. ಜಪಾನಕ್ಕ ಎಣ್ಣಿ ಬೇಕಾಗಿತ್ತು, ರಬ್ಬರ ಬೇಕಾಗಿತ್ತು. ಅವು ಇರೋ ನಾಡೆಲ್ಲಾ ಇಂಗ್ಲಿಷರು, ಡಚ್ಚರು, ಅಮೇರಿಕಾದವರು ಹಿಡಕೊಂಡು ಕುಂತಿದ್ರು. ಇವರು ಕಸಗೊಳ್ಳಾಕ ಹೋದ್ರು. ಅದೆಲ್ಲಾ ದೊಡ್ಡವರ ಹಿಕಮತ್ತು ಬಿಡ್ರಿ. ಸಿಪಾಯಿಗೆ ಹುಕುಂ ಅಷ್ಟ ಗೊತ್ತು. ಕೊಟ್ಟ ಹುಕುಂ ಅಂವ ಬಿಡಲಿಲ್ಲ, ಅದು ದೊಡ್ಡದು."

"ಹುಕುಂ ನಮಗೂ ಇತ್ರಿ," ಎಂದ ಕನಕಪ್ಪ. "ರಬ್ಬರ ತೋಟದ ಬಾಜೂಕ ತೆಗ್ಗು ತೋಡಿ ನಮ್ಮನ್ನ ಕುಂದ್ರಿಸಿದ್ರು. ತೋಟ ಇಂಗ್ಲಿಷರದು, ಕಸಗೊಳ್ಳಾಕ ಬಂದವರು ಜಪಾನರು. ನವಲಿಯವರಿಗೆ ಅಲ್ಲಿ ಏನ ಕೆಲಸ ಇತ್ತು ಅಂತ ನನಗ ಇನ್ನೂ ತಿಳಿದಿಲ್ಲ."

ಕನಕಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ದುರುಗವ್ವನಿಗೆ ಮುಟ್ಟಿತು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದವಳು ಕೆಸರುಗಾಲಲ್ಲೇ ಕಾಲುವೆಯ ತೂಬಿನವರೆಗೆ ನಡೆದು ಬಂದಳು. ಐವತ್ತರ ಹತ್ತಿರದ ಹೆಂಗಸು. ಹಣೆಯ ಮೇಲೆ ಅಗಲವಾದ ಕುಂಕುಮ, ಎರಡೂ ಕೈ ತುಂಬ ಹಸಿರು ಬಳೆ. ಅವಳ ಗಂಡ ಗಾದಿಲಿಂಗಪ್ಪ ಕನಕಪ್ಪನ ಜೊತೆಗೇ ಮಲಾಯಕ್ಕೆ ಹೋದವನು, ತಿರುಗಿ ಬರಲಿಲ್ಲ.

"ಯಣ್ಣಾ, ಪೇಪರಿನ್ಯಾಗ ಬಂದದ್ದು ಖರೆ ಏನು?"

"ಖರೆ ಇರಬೇಕವ್ವಾ."

"ಹಂಗಾದ್ರ ನಮ್ಮವ್ರೂ ಯಾವುದರ ಅಡವ್ಯಾಗ ಇರಬೇಕಲ್ಲ! ಯುದ್ಧ ಮುಗೀತು ಅಂತ ಅವ್ರಿಗೂ ಯಾರೂ ಹೇಳಿರಾಕಿಲ್ಲ." ಅವಳ ದನಿ ಹುಡುಗಿಯ ದನಿಯಂತೆ ಏರಿತ್ತು. "ಮಾಸ್ತರ ಕಡಿಂದ ದಿಲ್ಲಿಗೆ ಅರ್ಜಿ ಬರಸ್ತೀನಿ. ನೀವಿಬ್ಬರೂ ಅಗಲಿದ ಜಾಗ ಯಾವುದು, ಅಡವಿ ಯಾವುದು ಅಂತ ನೀ ಹೇಳಿ ಸಹಿ ಹಾಕು. ಕುಷ್ಟಗಿಯ ನಮ್ಮಕ್ಕಗ ನಾ ಬರಾಕಿಲ್ಲ ಅಂತ ಹೇಳಿ ಕಳಿಸೀನಿ. ಅವ್ರು ಬಂದಾಗ ನಾ ಮನ್ಯಾಗ ಇರದಿದ್ರ ಹೆಂಗ?"

ಅಕ್ಕ ಮುದಕಮ್ಮ ವಿಧವೆ, ಕುಷ್ಟಗಿಯ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದಳು. ಅಲ್ಲೇ ಇನ್ನೊಂದು ಕೆಲಸ ಖಾಲಿಯಿದೆ, ಇಬ್ಬರೂ ಕೂಡಿ ಇರೋಣ ಬಾ ಎಂದು ವರ್ಷದಿಂದ ಕರೆಯುತ್ತಿದ್ದಳು. ಮೈದುನ ಓಬಳೆಪ್ಪನ ಮನೆಯಲ್ಲಿ ನಸುಕಿನಿಂದ ಕತ್ತಲಾಗುವವರೆಗೆ ದುಡಿದು ಹಿತ್ತಲ ಕೋಣೆಯಲ್ಲಿ ಮಲಗುವ ದುರುಗವ್ವ ಈ ಸಲ ಹೋಗುತ್ತಾಳೆಂದು ಊರವರೂ ಅಂದುಕೊಂಡಿದ್ದರು. ಕನಕಪ್ಪನೂ ಅಂದುಕೊಂಡಿದ್ದ. ಅವಳು ದಿನವೂ ಕಣ್ಣಿಗೆ ಬೀಳದಿದ್ದರೆ ತನ್ನೆದೆಯ ಭಾರ ಸ್ವಲ್ಪ ಇಳಿದೀತೆಂದು ಕಾಯುತ್ತಿದ್ದ.

"ಆಗಲಿ, ನೋಡೂಣು," ಎಂದಷ್ಟೇ ಹೇಳಿ ತೂಬಿನ ತಿರುಗಣಿಯ ಕಡೆ ತಿರುಗಿದ.

೧೯೪೦ರಲ್ಲಿ ಗಂಗಾವತಿಯಲ್ಲಿ ಡಂಗುರ ಹೊಡೆದು ಸೈನ್ಯಕ್ಕೆ ಜನ ಸೇರಿಸಿಕೊಳ್ಳುತ್ತಿದ್ದರು. ನಾಡು ನಿಜಾಮರದು, ಯುದ್ಧ ಇಂಗ್ಲಿಷರದು. ಇಂಗ್ಲಿಷರನ್ನು ಮೆಚ್ಚಿಸಲು ನಿಜಾಮರು ಪಡೆ ಕಳಿಸುತ್ತಿದ್ದರು. ಎರಡು ಹೊತ್ತು ಊಟ, ಕಾಲಿಗೆ ಬೂಟು. ಇಪ್ಪತ್ತರ ಕನಕಪ್ಪ ಹೊರಟು ನಿಂತವನು ಒಬ್ಬನೇ ಹೋಗಲಾರದೆ ಗೆಳೆಯನನ್ನೂ ಎಳೆದುಕೊಂಡು ಹೋದ. ಗಾದಿಲಿಂಗಪ್ಪನಿಗೆ ಆಗ ಮದುವೆಯಾಗಿ ಒಂದು ವರ್ಷ.

ಆರು ವರ್ಷದ ಮೇಲೆ ಕನಕಪ್ಪ ಒಬ್ಬನೇ ಬಂದ. ಓಬಳೆಪ್ಪನ ಅಂಗಳದಲ್ಲಿ ಊರೇ ನೆರೆದಿತ್ತು. ಸೈನ್ಯದಿಂದ ಅದಾಗಲೇ ಬಂದಿದ್ದ ಉರ್ದು ಕಾಗದದಲ್ಲಿ ಗಾದಿಲಿಂಗಪ್ಪ ಲಾಪತಾ, ಅಂದರೆ ಪತ್ತೆಯಿಲ್ಲ, ಎಂದಿತ್ತು. "ಅಂವ ಸತ್ತದ್ದು ನೀ ಕಂಡಿಯೇನಪಾ?" ಎಂದು ಹಿರಿಯರು ಕೇಳಿದರು. ಬಾಗಿಲ ಹಿಂದೆ ದುರುಗವ್ವನ ಬಳೆ ಸದ್ದಾಯಿತು. "ಕಂಡಿಲ್ರಿ. ಸಿಂಗಾಪುರದ ಗದ್ದಲದಾಗ ಅಗಲಿದ್ವಿ. ಎಲ್ಲೆರ ಇದ್ರೂ ಇರಬಹುದು," ಎಂದ.

ಮರುವರ್ಷ ಇಟಗಿಯ ಕಡೆಯಿಂದ, ಹೆಂಡತಿ ಸತ್ತವನೊಬ್ಬ ದುರುಗವ್ವನನ್ನು ಉಡಿಕೆ ಮಾಡಿಕೊಳ್ಳಲು ಕೇಳಿ ಕಳಿಸಿದ. ಅವರ ಕುಲದಲ್ಲಿ ವಿಧವೆಗೆ ಮತ್ತೆ ಮದುವೆ ಉಂಟು. ಆದರೆ ಗಂಡ ಸತ್ತದ್ದು ಖಚಿತವಾಗಬೇಕು. ಬಂದವರು ಕನಕಪ್ಪನನ್ನು ಮತ್ತೆ ಕೇಳಿದರು. ಮೊದಲ ಸಲ ಹೇಳಿದ್ದನ್ನು ಎರಡನೇ ಸಲ ಬದಲಿಸುವುದು ಅವನಿಗೆ ಇನ್ನೂ ಕಷ್ಟವಾಯಿತು. ಕಂಡಿಲ್ಲವೆಂದೇ ಹೇಳಿದ. ಅವರು ತಿರುಗಿ ಹೋದರು. ಅಲ್ಲಿಂದಾಚೆಗೆ ಯಾರೂ ಬರಲಿಲ್ಲ.

ನಾಲ್ಕನೇ ದಿನ ಉಮಾಪತಿ ಮಾಸ್ತರರು ಅರ್ಜಿ ಬರೆದುಕೊಂಡು ತೂಬಿನ ಹತ್ತಿರ ಬಂದರು. "ಜಾಗದ ಹೆಸರು ಖಾಲಿ ಬಿಟ್ಟೀನಿ. ನೀವು ಹೇಳಿ ಸಹಿ ಹಾಕ್ರಿ. ಸಿಗ್ತಾನೋ ಇಲ್ಲೋ, ಆ ತಾಯಿಗೆ ಒಂದು ಆಸರಾದ್ರೂ ಆಗ್ತದ."

ಕನಕಪ್ಪ ಪೆನ್ನು ಹಿಡಿದ. ಒಂದು ಹೆಸರು ಬರೆದರೆ ಸಾಕಿತ್ತು. ದಿಲ್ಲಿಯಿಂದ ಉತ್ತರ ಬರಲು ವರ್ಷ ಬೇಕು, ಬಾರದೆಯೂ ಇರಬಹುದು. ಅಷ್ಟರಲ್ಲಿ ಅವಳಿಗೂ ವಯಸ್ಸಾಗುತ್ತದೆ, ತನಗೂ ಆಗುತ್ತದೆ. ಹೀಗೆಂದುಕೊಂಡು ಬರೆಯಲು ಬಾಗಿದವನು ಪೆನ್ನು ತಿರುಗಿ ಕೊಟ್ಟ. "ಈ ಕಾಗದ ನನ್ನ ಕಡೆ ಇರಲ್ರಿ ಮಾಸ್ತರ," ಎಂದು ಮಡಚಿ ಜೇಬಿಗಿಟ್ಟುಕೊಂಡು ನೇರ ಗದ್ದೆಯ ದಾರಿ ಹಿಡಿದ.

ದುರುಗವ್ವ ಬದುವಿನ ಮೇಲೆ ಬುತ್ತಿ ಬಿಚ್ಚುತ್ತಿದ್ದಳು. ಅವನ ಮುಖ ನೋಡಿ ಕೈ ತಡೆದಳು.

"ಅರ್ಜಿ ಬ್ಯಾಡವ್ವಾ," ಎಂದ ಕನಕಪ್ಪ ನಿಂತುಕೊಂಡೇ. "ಗಾದಿಲಿಂಗಪ್ಪ ಸತ್ತಾನ. ನಲವತ್ನಾಲ್ಕರಾಗ. ನನ್ನ ತೊಡಿ ಮ್ಯಾಲ."

ಅವನು ನಿಲ್ಲಿಸಿದರೆ ಮತ್ತೆ ಬಾಯಿ ಬಾರದೆಂದು ಒಂದೇ ಸಮನೆ ಹೇಳಿದ. ಸಿಂಗಾಪುರದಲ್ಲಿ ಇಂಗ್ಲಿಷರು ಶರಣಾದರು. ಕೈದಿಗಳನ್ನು ಜಪಾನಿನವರು ಹಡಗಿನಲ್ಲಿ ತುಂಬಿ ನ್ಯೂ ಗಿನಿ ದ್ವೀಪಕ್ಕೆ ಒಯ್ದರು. ಅಲ್ಲಿ ಕಲ್ಲು ಹೊರುವುದು, ದಾರಿ ಕಡಿಯುವುದು. ಹಿಡಿಯಷ್ಟು ಅನ್ನ. ಗಾದಿಲಿಂಗಪ್ಪನಿಗೆ ಜ್ವರ, ರಕ್ತಭೇದಿ. ಹನ್ನೊಂದು ದಿನ ಮಲಗಿದ್ದವನು ಹನ್ನೆರಡನೇ ದಿನ ಮಧ್ಯಾಹ್ನ ಸತ್ತ.

"ಮತ್ತ ಯಾಕ ಹೇಳಲಿಲ್ಲ?"

"ಸತ್ತಾನ ಅಂತ ನಾ ಅಲ್ಲೂ ಯಾರಿಗೂ ಹೇಳಲಿಲ್ಲವ್ವಾ. ಗೋಣಿತಾಟು ಹೊದಿಸಿ, ಎಣಿಸಾಕ ಬಂದಾವ್ರಿಗೆ ಮಲಗ್ಯಾನ ಅಂದೆ. ಎರಡು ದಿನ ಅಂವನ ಪಾಲಿನ ಅನ್ನ ನಾ ಉಂಡೆ. ಮೂರನೇ ದಿನ ನಾತಕ್ಕ ಗೊತ್ತಾತು. ಸತ್ತದ್ದು ಕಂಡೀನಿ ಅಂದ್ರ ಹೆಂಗ ಸತ್ತ, ಆಮ್ಯಾಲೇನಾತು ಅಂತ ಕೇಳ್ತಿದ್ರು. ನನಗ ಅದು ಹೇಳಾಕ ಆಗಲಿಲ್ಲ."

ಗಾಳಿಗೆ ಭತ್ತದ ಪೈರು ಬಾಗಿ ಎದ್ದಿತು. ಅರ್ಧ ಬಿಚ್ಚಿದ ಬುತ್ತಿಯನ್ನು ಅವಳು ಮತ್ತೆ ಕಟ್ಟಿದಳು.

"ಸಾಯೂಮುಂದ ಏನರ ಅಂದ್ರೇನು?"

"ಜ್ವಾಳದ ರೊಟ್ಟಿ ಬೇಡಿದ."

"ನನ್ನ ನೆನಿಸಿದ್ರೇನು?"

ಹೌದೆನ್ನುವುದು ಸುಲಭವಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ.

"ಇಲ್ಲವ್ವಾ. ಅಂವಗ ಖಬರ ಇರಲಿಲ್ಲ."

ದುರುಗವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅವ್ರ ಎರಡು ದಿನದ ಅನ್ನ ಉಂಡದ್ದು ತಪ್ಪಲ್ಲ ಯಣ್ಣಾ. ಸತ್ತಾವ್ರಿಗೆ ಹಸಿವು ಎಲ್ಲಿಂದ ಬರಬೇಕು? ನೀ ಬದುಕಿ ಬಂದಿ, ಛಲೋ ಆತು. ಆದ್ರ ನನ್ನ ಇಪ್ಪತ್ತೆಂಟು ವರ್ಷ ಉಂಡಿಯಲ್ಲ, ಅದಕ್ಕೇನು ಮಾಡ್ತಿ? ಇಟಗಿಯವ್ರು ಬಂದಾಗ ನಾ ಬಾಗಲ ಹಿಂದ ನಿಂತಿದ್ದೆ. ನಿನ್ನ ಬಾಯಿ ಕಡೆ ನೋಡಕೋತ ನಿಂತಿದ್ದೆ."

ಕನಕಪ್ಪ ಬದುವಿನ ಮೇಲೆ ಕುಳಿತ. ಅವನು ಅಳತೊಡಗಿದರೂ ಅವಳು ಸಮಾಧಾನ ಹೇಳಲಿಲ್ಲ.

"ಏಳು," ಎಂದಳು ಕಡೆಗೆ. "ಅಂದು ಯಾವ ಅಂಗಳದಾಗ ಕಂಡಿಲ್ಲ ಅಂದ್ಯೋ ಅಲ್ಲೇ ಬಂದು ಹೇಳು."

ಸಂಜೆ ಓಬಳೆಪ್ಪನ ಅಂಗಳದಲ್ಲಿ ಕನಕಪ್ಪ ಎಲ್ಲರೆದುರು ಹೇಳಿದ, ಅನ್ನದ ಮಾತನ್ನೂ ಬಿಡದೆ. ಯಾರೋ ಥೂ ಎಂದರು. ಯಾರೋ ಪಾಪ ಎಂದರು. ಓಬಳೆಪ್ಪನಿಗೆ ಮೊದಲು ಬಂದದ್ದು ಸಿಟ್ಟು.

"ಇಷ್ಟು ವರ್ಷದ ಮ್ಯಾಲ ಇದನ್ನ ಕೆದರಿ ಏನ ಸಿಕ್ತೋ ನಿನಗ? ಅಕಿ ಮರ್ಯಾದಿಲೆ ಕಾಯಕೋತ ಇದ್ಲು. ನಾವೇನು ಅಕಿನ್ನ ಉಪಾಸ ಕೆಡವಿದ್ವೇನು?"

"ಉಪಾಸ ಕೆಡವಿಲ್ಲ ಮೈದುನಾ," ಎಂದಳು ದುರುಗವ್ವ. "ಹೋಗಾಕ ಬಿಡಲಿಲ್ಲ ಅಷ್ಟ. ಅಂವ ಬರ್ತಾನ, ಬರ್ತಾನ ಅಂದ್ರಿ. ನನ್ನ ಕೈ ನಿಮ್ಮ ಹೊಲಕ್ಕ ಬೇಕಾಗಿತ್ತು."

ಅಷ್ಟರಲ್ಲಿ ಮುದುಕಿಯರಿಬ್ಬರು ಎದ್ದು ಅವಳ ಹತ್ತಿರ ಬಂದರು. ಸತ್ತದ್ದು ಖಚಿತವಾದ ಮೇಲೆ ಬಳೆ ಒಡೆಯಬೇಕು, ಕುಂಕುಮ ಅಳಿಸಬೇಕು. ಒಬ್ಬಳು ಅವಳ ಕೈ ಹಿಡಿದಳು.

ದುರುಗವ್ವ ಕೈ ಬಿಡಿಸಿಕೊಂಡಳು. "ಗಾದಿಲಿಂಗಪ್ಪ ಸತ್ತು ಮೂವತ್ತು ವರ್ಷ ಆತು," ಎಂದಳು. ಗಂಡನ ಹೆಸರನ್ನು ಅವಳ ಬಾಯಿಂದ ಆ ಊರು ಕೇಳಿದ್ದು ಅದೇ ಮೊದಲು. "ಯಾರದೋ ರಾಜ್ಯದ ಸಲುವಾಗಿ ಯಾರದೋ ನೆಲದಾಗ ಸತ್ತ. ಅತ್ತು ಅತ್ತು ನಾ ಎಂದೋ ಮುಗಿಸೀನಿ. ಈ ಬಳಿ ನಾ ದುಡದು ಇಟ್ಕೊಂಡಾವು. ಇವು ಇರ್ತಾವು."

ಮುದುಕಿಯರು ಹಿಂದೆ ಸರಿದರು. ಆಕ್ಷೇಪಿಸಲು ಬಾಯಿ ತೆರೆದ ಹಿರಿಯರೊಬ್ಬರನ್ನು ಉಮಾಪತಿ ಮಾಸ್ತರರು ಕೈ ಒತ್ತಿ ಕೂರಿಸಿದರು.

ಮರುದಿನ ಬೆಳಿಗ್ಗೆ ತಾವರಗೇರಿಯ ಮೂಲಕ ಕುಷ್ಟಗಿಗೆ ಹೋಗುವ ಬಸ್ಸಿಗೆ ದುರುಗವ್ವ ಒಂದು ಗಂಟು ಹಿಡಿದು ನಿಂತಿದ್ದಳು. ಕನಕಪ್ಪ ದೂರದಲ್ಲೇ ನಿಂತಿದ್ದ. ಬಸ್ಸು ಬಂದಾಗ ಅವಳೇ ಅವನನ್ನು ಕರೆದಳು.

"ನೀ ಹೇಳದೆ ಇಟ್ಕೊಂಡ ಸಾವು ಇನ್ನ ಎಷ್ಟು ಅದಾವು?"

"ಒಂದ. ಯಲಬುರ್ಗಾ ಕಡೆಯ ಶಫೀಸಾಬ, ನಮ್ಮ ಬ್ಯಾರಕಿನಾಂವ. ಅಂವನ ಹೆಂಡತಿ ಹಜರತಬೀ ಅಂತ ಅದಾಳಂತ. ನಾ ಆ ಊರಿಗೆ ಕಾಲಿಟ್ಟಿಲ್ಲ."

"ನಿನ್ನ ನಾ ಕ್ಷಮಿಸೀನಿ ಅಂತ ತಿಳೀಬ್ಯಾಡ," ಎಂದಳು ದುರುಗವ್ವ. "ಆದ್ರ ಅಕಿ ಕಡೆ ಹೋಗು." ಬಸ್ಸು ಹತ್ತಿದವಳು ಕಿಟಕಿಯಿಂದ ಹೊರಗೆ ನೋಡಲಿಲ್ಲ.

ಕನಕಪ್ಪ ರಜೆ ಹಾಕಿ ಆ ವಾರವೇ ಶಫೀಸಾಬನ ಊರಿಗೆ ಹೊರಟ. ಮಸೀದಿಯ ಹಿಂದಿನ ಓಣಿಯಲ್ಲಿ ಹಜರತಬೀಯ ಮನೆ ತೋರಿಸಿದರು. ಹೊಸ್ತಿಲಲ್ಲಿ ಮುದುಕಿಯೊಬ್ಬಳು ಕೌದಿ ಹೊಲಿಯುತ್ತಿದ್ದಳು. ಖಾಕಿ ಅಂಗಿಯ ಅಪರಿಚಿತನನ್ನು ಕಂಡು ಸೆರಗು ಸರಿಮಾಡಿಕೊಂಡು, ಯಾರು ಬೇಕಾಗಿತ್ತು ಎಂದು ಕೇಳಿದಳು.

"ಶಫೀಸಾಬನ ಸಂಗಾಟ ನಾನೂ ಮಲಾಯಕ್ಕ ಹೋಗಿದ್ದೆವ್ವಾ."

ಸೂಜಿ ಅವಳ ಬೆರಳುಗಳ ನಡುವೆ ನಿಂತಿತು. ಅವಸರದಿಂದ ಕೌದಿಯನ್ನು ಬದಿಗೆ ಸರಿಸಿ, ಕೈಯಿಂದ ಕಟ್ಟೆ ಒರೆಸಿ, "ಬರ್ರಿ, ಕುಂದರ್ರಿ, ಮೊದಲ ನೀರು ಕುಡೀರಿ," ಎಂದಳು.

ಕನಕಪ್ಪ ಚಪ್ಪಲಿ ಬಿಟ್ಟು ಮುಂದೆ ಬಂದ, ಕೂರಲಿಲ್ಲ.

"ಮೊದಲ ನಾ ಹೇಳೂದು ಕೇಳವ್ವಾ. ಆಮ್ಯಾಲೂ ಕುಂದ್ರು ಅಂದ್ರ ಕುಂದ್ರತೀನಿ."