ರೂಫ್‌ರನ್ನರ್‌ನ ಬಿಳಿ ಉಡುಪು

ಶವಪೆಟ್ಟಿಗೆಯಲ್ಲಿ ಮಲಗಿದ್ದ ತಾಯಿಯ ತಣ್ಣನೆಯ ಬೆರಳುಗಳಿಗೆ ಜಪಮಾಲೆ ಸುತ್ತುತ್ತಿದ್ದ ನೂನ್ಸಿಯಾ ತಲೆಯೆತ್ತಿದಾಗ, ಜನರ ಸಾಲು ಬಾಗಿಲು ದಾಟಿ ಅಸ್ಟೋರಿಯಾ ಬಡಾವಣೆಯ ಬೀದಿಗಿಳಿದಿತ್ತು. ಅವಳು ಹಾಕಿಸಿದ್ದು ಮೂವತ್ತೇ ಕುರ್ಚಿ.

“ಯಾರೇ ಇವರೆಲ್ಲ?” ಕಾರ್ಮೈನ್ ಮಾವ ಪಿಸುಗುಟ್ಟಿದ. “ನಮ್ಮಕ್ಕ ಕಾಮಿಕ್ಸಿಗೆ ಬಣ್ಣ ಹಚ್ತಿದ್ದಳು. ಮೇಯರ್ ಏನೂ ಆಗಿರಲಿಲ್ಲವಲ್ಲ.”

ನೂನ್ಸಿಯಾಗೂ ತಿಳಿಯಲಿಲ್ಲ. ಅವಳ ತಾಯಿ ಇಮ್ಮಾ ಮೂವತ್ತು ವರ್ಷ ಅಡುಗೆಮನೆಯ ಮೇಜಿನ ಮೇಲೆ ಬೇರೆಯವರ ಚಿತ್ರಗಳಿಗೆ ಬಣ್ಣ ತುಂಬಿದ್ದಳು. ಯಾವ ಪುಸ್ತಕದಲ್ಲೂ ಅವಳ ಹೆಸರಿರಲಿಲ್ಲ.

ಊರುಗೋಲಿನ ಮುದುಕನೊಬ್ಬ ಮುಂದೆ ಬಂದು, ತಾನು ಹರ್ಷಲ್ ಪ್ಲಾಟ್ಕಿನ್ ಎಂದ. ಆ ಹೆಸರು ಅವಳು ಕೇಳಿದ್ದಳು. ಮಹಡಿಯಿಂದ ಮಹಡಿಗೆ ಹಾರಿ ಜನರನ್ನು ಕಾಪಾಡುವ ಕಾಮಿಕ್ಸ್ ನಾಯಕ ರೂಫ್‌ರನ್ನರ್‌ನ ಚಿತ್ರಕಾರ. ಆ ನಾಯಕನ ಕೆಂಪು ಉಡುಪನ್ನು ಬಿಳಿಯಾಗಿಸಿ ಹೆಸರು ಮಾಡಿದವನು.

“ಅದು ನನ್ನ ಯೋಚನೆ ಅಲ್ಲಮ್ಮ,” ಎಂದ ಹರ್ಷಲ್. “ಇವಳದು.”

* * *

ಅದು ಅರವತ್ತೆಂಟನೇ ಇಸವಿ. ರೂಫ್‌ರನ್ನರ್‌ನನ್ನು ಕೊಳ್ಳುವವರಿರಲಿಲ್ಲ. ಇನ್ನೊಂದೇ ಸಂಚಿಕೆ, ಆಮೇಲೆ ಮುಚ್ಚಿಬಿಡೋಣ ಎಂದಿದ್ದ ಪ್ರಕಾಶಕ. ಪುಟಗಳು ಮಧ್ಯಾಹ್ನದೊಳಗೆ ಅಚ್ಚಿಗೆ ಹೋಗಬೇಕು. ಹರ್ಷಲ್ ಅವನ್ನು ತರಲು ಆಸ್ಪತ್ರೆಗೇ ಓಡಿದ. ಐದು ವರ್ಷದ ನೂನ್ಸಿಯಾಗೆ ನ್ಯುಮೋನಿಯಾ ಆಗಿ ಇಮ್ಮಾ ನಾಲ್ಕು ದಿನದಿಂದ ಅಲ್ಲೇ ಇದ್ದಳು. ಮಂಚದ ಪಕ್ಕದ ಬೆಂಚೇ ಅವಳ ಮೇಜಾಗಿತ್ತು.

ಆಕಾಶ, ಇಟ್ಟಿಗೆ, ಕಳ್ಳರ ಟೋಪಿ, ಎಲ್ಲಕ್ಕೂ ಬಣ್ಣ ಬಿದ್ದಿತ್ತು. ರೂಫ್‌ರನ್ನರ್‌ನ ಮೈಮೇಲೆ ಮಾತ್ರ ಬರೀ ಕಾಗದ.

“ಮರೆತೆಯಾ?” ಹರ್ಷಲ್ ಗಾಬರಿಯಿಂದ ಕುಂಚಕ್ಕೆ ಕೈ ಹಾಕಿದ.

ಇಮ್ಮಾ ಅವನ ಕೈ ಹಿಡಿದಳು. “ಇವಳು ಉಸಿರಿಗೆ ಒದ್ದಾಡ್ತಿರ್ತಾಳೆ. ಬಾಗಿಲಲ್ಲಿ ನರ್ಸಮ್ಮನ ಬಿಳಿ ಬಟ್ಟೆ ಕಂಡರೆ ಸಾಕು, ಸುಮ್ಮನಾಗ್ತಾಳೆ. ಕಾಪಾಡೋಕೆ ಬರೋರು ಹೀಗಿರ್ತಾರೆ ಹರ್ಷಲ್. ಹಾಗೇ ಬಿಡು.”

* * *

ಪ್ರಕಾಶಕ ಕೂಗಾಡಿದನಂತೆ, ಅಷ್ಟರಲ್ಲಿ ಅಚ್ಚಾಗಿಹೋಗಿತ್ತು. ತಿಂಗಳೊಳಗೆ ಬಿಳಿ ಉಡುಪನ್ನು ಮೆಚ್ಚಿ ಓದುಗರ ಕಾಗದಗಳು ಮೂಟೆಗಟ್ಟಲೆ ಬಂದವು, ರೂಫ್‌ರನ್ನರ್ ಉಳಿದುಕೊಂಡ. ಉಡುಪು ಬೆಳ್ಳಗಾದದ್ದಕ್ಕೆ ಕತೆಗಾರ ಉಲ್ಕೆಯ ಬೂದಿಯೆಂಬ ಕಾರಣ ಹೆಣೆದ. ಕೇಳಿದವರಿಗೆಲ್ಲ ಹರ್ಷಲ್, ಆ ಯೋಚನೆ ನನ್ನದೇ ಎಂದ.

“ಅಮ್ಮ ಯಾಕೆ ಹೇಳಲಿಲ್ಲ?”

“ನೀನು ಬದುಕಿ ಮನೆಗೆ ಬಂದಿದ್ದೆ. ಅವಳಿಗೆ ಅಷ್ಟು ಸಾಕಾಗಿತ್ತು. ನನಗೆ ಸಾಕಾಗಲಿಲ್ಲ.”

ಇಮ್ಮಾ ತೀರಿಕೊಂಡಳೆಂದು ತಿಳಿದ ದಿನವೇ ಅವನು ಪತ್ರಿಕೆಗೆ ನಿಜ ಬರೆದು ಕಳಿಸಿದ್ದ. ಈ ಜನ ಅದನ್ನೋದಿ ಬಂದವರು. ಅವನು ಚೀಲದಿಂದ ಹಳೆಯ ಪುಟವೊಂದನ್ನು ತೆಗೆದ. ಅಚ್ಚಿನವರಿಗಾಗಿ ಒಂದೊಂದು ಬಣ್ಣದ ಪಕ್ಕದಲ್ಲೂ ಇಮ್ಮಾ ಅದು ಯಾವ ಬಣ್ಣವೆಂದು ತಿಳಿಸುವ ಅಂಕಿಯನ್ನು ಪೆನ್ಸಿಲಿನಲ್ಲಿ ಬರೆದಿದ್ದಳು. ಬಿಳಿ ಎದೆಯ ಪಕ್ಕದಲ್ಲಿ ಮಾತ್ರ ಅವಳ ಸಣ್ಣ ಅಕ್ಷರ: “ಇಲ್ಲಿ ಏನೂ ಬೇಡ.”

ನೂನ್ಸಿಯಾ ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಸಾಲಿನ ಮೊದಲನೆಯವನ ಕೈಗಿತ್ತಳು.

ಪುಟ ಕೈಯಿಂದ ಕೈಗೆ ಬಾಗಿಲಿನತ್ತ ಸಾಗಿತು. ತಮ್ಮ ಸರದಿ ಬಂದಾಗ ಒಬ್ಬೊಬ್ಬರೂ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡು, ಎರಡೂ ಕೈ ಚಾಚಿದರು.